ಕನ್ನಡ ಬ್ಲಾಗಿಗೆ ಎಷ್ಟು ಪ್ಲಗಿನ್ ಬೇಕು?

ಮುಂಬಯಿ ಕನ್ನಡಿಗರಿಗೆ ಬರೆಯುವ ಚಟ ಹಳೆಯದು. ಮಾಟುಂಗದ ಮೈಸೂರು ಅಸೋಸಿಯೇಶನ್ ಹುಟ್ಟಿದ್ದು 1926ರಲ್ಲಿ, ಮಾಹಿಮದ ಕರ್ನಾಟಕ ಸಂಘ 1933ರಲ್ಲಿ. 'ನೇಸರು', 'ಮೊಗವೀರ', 'ಅಕ್ಷಯ'ದಂಥ ಮಾಸಿಕಗಳೂ 'ಕರ್ನಾಟಕ ಮಲ್ಲ'ದಂಥ ದಿನಪತ್ರಿಕೆಯೂ ಈ ಊರಿನವರ ಕೈಯಿಂದ ಬೇಕಾದಷ್ಟು ಬರೆಸಿವೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು, ಬ್ಯಾಂಕಿನ ಕೌಂಟರಿನ ಹಿಂದೆ ಕೂತೇ ಕತೆ ಹೆಣೆದವರು ಇಲ್ಲಿ ಕಡಿಮೆಯಿಲ್ಲ. ಅವರಲ್ಲಿ ಅನೇಕರು ಈಗ ನಿವೃತ್ತರು. ಡೊಂಬಿವಲಿ, ಮೀರಾ ರೋಡ್, ನೆರೂಲ್ ಕಡೆ ಮನೆ ಮಾಡಿಕೊಂಡು, ಹಳೆಯ ಲೇಖನಗಳ ಕಟ್ಟು ಬಿಚ್ಚಿ ಒಂದೊಂದಾಗಿ ಬ್ಲಾಗಿಗೆ ಏರಿಸುತ್ತಿದ್ದಾರೆ. ಒಳ್ಳೆಯ ಕೆಲಸ. ಮಾಸಿಕದ ಹಳೆಯ ಸಂಚಿಕೆ ಕೈಗೆ ಸಿಗಬೇಕಾದರೆ ಯಾರದೋ ಕಪಾಟು ತಡಕಾಡಬೇಕು, ಬ್ಲಾಗಾದರೆ ಉಡುಪಿಯ ಮೊಮ್ಮಗಳೂ ದುಬೈಯ ಮಗನೂ ಕೂತಲ್ಲೇ ಓದಬಹುದು.

ತೊಂದರೆ ಶುರುವಾಗುವುದು ಬ್ಲಾಗು ಸಿದ್ಧವಾದ ಮೇಲೆ. ಯಾರೋ ಹೇಳುತ್ತಾರೆ, "ಸಾರ್, ಪ್ಲಗಿನ್ ಹಾಕಿಲ್ಲವಾ?" ಅಂತರಜಾಲದಲ್ಲಿ ಹುಡುಕಿದರೆ 'ನಿಮ್ಮ ಬ್ಲಾಗಿಗೆ ಇರಲೇಬೇಕಾದ ಇಪ್ಪತ್ತು ಪ್ಲಗಿನ್‌ಗಳು' ಎಂಬ ಪಟ್ಟಿ ಸಿಗುತ್ತದೆ. ಮನೆಯ ಹುಡುಗರು ಇಪ್ಪತ್ತನ್ನೂ ಹಾಕಿ ಕೊಡುತ್ತಾರೆ. ಮರುದಿನ ಬ್ಲಾಗು ತೆರೆದುಕೊಳ್ಳುವಷ್ಟರಲ್ಲಿ ಲೋಕಲ್ ರೈಲು ಅಂಧೇರಿ ದಾಟಿ ಬೋರಿವಲಿಗೆ ಬಂದಿರುತ್ತದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಪಟ್ಟಿಗಳ ಬಗ್ಗೆ. ಅವುಗಳಲ್ಲಿ ಹೆಚ್ಚಿನವನ್ನು ಬರೆದವರ ಕಣ್ಣ ಮುಂದಿರುವುದು ಇಂಗ್ಲಿಷಿನಲ್ಲಿ ವ್ಯಾಪಾರ ಮಾಡುವ ಜಾಲತಾಣಗಳು. ಕನ್ನಡದಲ್ಲಿ ಪ್ರಬಂಧ ಬರೆಯುವ ಒಬ್ಬ ಮನುಷ್ಯನ ಬ್ಲಾಗಿಗೆ ಬೇಕಾದದ್ದು ಬೇರೆ, ಅದು ಬಹಳ ಕಡಿಮೆ.

ಮೊದಲು, ಪ್ಲಗಿನ್ ಎಂದರೇನು ಎಂದು ಕೇಳುವವರಿಗೆ ಎರಡು ಮಾತು. ಬ್ಲಾಗು ನಡೆಸುವ ತಂತ್ರಾಂಶಕ್ಕೆ ಹೊರಗಿನಿಂದ ಸೇರಿಸುವ ಸಣ್ಣ ತಂತ್ರಾಂಶವೇ ಪ್ಲಗಿನ್. ಗೂಗಲಿನ ಬ್ಲಾಗ್‌ಸ್ಪಾಟ್‌ನಲ್ಲಿ ಬರೆಯುವವರಿಗೆ ಈ ತಲೆನೋವೇ ಇಲ್ಲ, ಅಲ್ಲಿ ಗ್ಯಾಡ್ಜೆಟ್ ಎಂಬ ಕೆಲವು ತುಣುಕುಗಳಿವೆ, ಅಷ್ಟೆ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಖಾತೆಯಲ್ಲೂ ಪ್ಲಗಿನ್ ಹಾಕಲು ಬರುವುದಿಲ್ಲ. ಸ್ವಂತ ಡೊಮೇನು ಕೊಂಡು, ಯಾವುದೋ ಕಂಪೆನಿಯಲ್ಲಿ ಜಾಗ ಹಿಡಿದು ವರ್ಡ್‌ಪ್ರೆಸ್ ಎಂಬ ಬ್ಲಾಗು ತಂತ್ರಾಂಶ ಹಾಕಿಕೊಂಡವರಿಗೆ ಮಾತ್ರ ಈ ಮಾತು. ಆದರೆ ಅಂಥವರು ಕಡಿಮೆಯೇನಲ್ಲ. ಇವತ್ತು ಲೋಕದ ಜಾಲತಾಣಗಳಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ನಡೆಯುವುದು ವರ್ಡ್‌ಪ್ರೆಸ್ ಮೇಲೆ.

ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಎಂಬಿಬ್ಬರು ಈ ತಂತ್ರಾಂಶವನ್ನು ಬಿಡುಗಡೆ ಮಾಡಿದ್ದು 2003ರ ಮೇ 27ರಂದು. ಒಂದು ವರ್ಷದ ನಂತರ, 2004ರ ಮೇನಲ್ಲಿ ಬಂದ 1.2 ಆವೃತ್ತಿಯಲ್ಲಿ ಪ್ಲಗಿನ್ ಹಾಕುವ ಸೌಲಭ್ಯ ಸೇರಿತು. ಆಗಿನಿಂದ ವರ್ಡ್‌ಪ್ರೆಸ್ ಜೊತೆಗೇ ಬರುತ್ತಿರುವ ಒಂದು ಪ್ಲಗಿನ್ ಇದೆ, ಹೆಸರು ಹಲೋ ಡಾಲಿ. ಬರೆಯುವವರ ಪರದೆಯ ಮೂಲೆಯಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ಹಾಡಿನ ಒಂದೊಂದು ಸಾಲು ತೋರಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಪ್ಲಗಿನ್ ಹೇಗೆ ಬರೆಯಬೇಕೆಂದು ತೋರಿಸಲು ಇಟ್ಟ ಮಾದರಿ ಅದು. ನಿಮ್ಮ ಬ್ಲಾಗಿನಲ್ಲಿ ಇದ್ದರೆ ಧಾರಾಳವಾಗಿ ತೆಗೆದುಹಾಕಿ, ಏನೂ ಕೆಡುವುದಿಲ್ಲ. ಆ ಒಂದರಿಂದ ಶುರುವಾದ ಭಂಡಾರದಲ್ಲಿ ಇವತ್ತು 60 ಸಾವಿರ ಮೀರಿದ ಉಚಿತ ಪ್ಲಗಿನ್‌ಗಳಿವೆ. ಇಷ್ಟರಲ್ಲಿ ಆರಿಸುವುದು ಹೇಗೆ?

ಮೊದಲ ಪರೀಕ್ಷೆ: ಈ ಪ್ಲಗಿನ್ನಿಗೆ ಕನ್ನಡ ಬರುತ್ತದೆಯೇ?

ತಮಾಷೆಗೆ ಹೇಳುತ್ತಿಲ್ಲ. 'ಈ ಲೇಖನ ಓದಲು ಆರು ನಿಮಿಷ ಬೇಕು' ಎಂದು ತಲೆಯಲ್ಲಿ ತೋರಿಸುವ ಪ್ಲಗಿನ್‌ಗಳಿವೆ. ಓದುಗರಿಗೆ ಉಪಯೋಗದ್ದೇ. ದಾದರಿನಲ್ಲಿ ಹತ್ತಿದವನಿಗೆ ಕುರ್ಲಾದೊಳಗೆ ಓದಿ ಮುಗಿಯುತ್ತದೆಯೇ ಎಂದು ತಿಳಿಯುತ್ತದೆ. ಆದರೆ ಇವುಗಳಲ್ಲಿ ಕೆಲವು ಪದ ಎಣಿಸಲು ಬಳಸುವ ಹಳೆಯ ಉಪಾಯ ರೋಮನ್ ಅಕ್ಷರಗಳನ್ನು ಮಾತ್ರ ಗುರುತಿಸುತ್ತದೆ. ಕನ್ನಡದ ಎರಡು ಸಾವಿರ ಪದದ ಲೇಖನ ಅದರ ಲೆಕ್ಕದಲ್ಲಿ ಸೊನ್ನೆ ಪದದ್ದು. ಹಾಗಾಗಿ ಎಷ್ಟೇ ಉದ್ದ ಬರೆದರೂ 'ಒಂದು ನಿಮಿಷ' ಎಂದೇ ತೋರಿಸುತ್ತದೆ. ಲೇಖಕರಿಗೆ ಅವಮಾನ, ಓದುಗರಿಗೆ ಮೋಸ. ಇಂಥದ್ದನ್ನು ಹಾಕಿದ ಕೂಡಲೇ ನಿಮ್ಮ ಅತಿ ಉದ್ದದ ಲೇಖನವನ್ನು ತೆರೆದು ನೋಡಿ. ಸಂಖ್ಯೆ ನಂಬುವಂತಿಲ್ಲದಿದ್ದರೆ ಆಗಲೇ ತೆಗೆಯಿರಿ.

ಲೇಖನದ ಕೊನೆಯಲ್ಲಿ 'ಇದನ್ನೂ ಓದಿ' ಎಂದು ನಾಲ್ಕು ಹಳೆಯ ಬರಹಗಳನ್ನು ತೋರಿಸುವ ಪ್ಲಗಿನ್‌ಗಳ ಕಷ್ಟ ಇನ್ನೊಂದು ಬಗೆಯದು. ಅವು ಎರಡು ಲೇಖನಗಳಲ್ಲಿ ಒಂದೇ ಪದಗಳಿವೆಯೇ ಎಂದು ಹೋಲಿಸುತ್ತವೆ. ನಮ್ಮ ಭಾಷೆಯಲ್ಲಿ ಪದ ನಿಂತಲ್ಲಿ ನಿಲ್ಲುವುದಿಲ್ಲ. ಕಡಲು, ಕಡಲಿನ, ಕಡಲಿಗೆ, ಕಡಲಲ್ಲಿ ಇವೆಲ್ಲ ಪ್ಲಗಿನ್ನಿನ ಕಣ್ಣಿಗೆ ನಾಲ್ಕು ಸಂಬಂಧವಿಲ್ಲದ ಪದಗಳು. ಹಾಗಾಗಿ ವರ್ಸೋವಾದ ಮೀನುಗಾರರ ಬಗ್ಗೆ ಬರೆದ ಲೇಖನದ ಕೆಳಗೆ ಅಡುಗೆಯ ಲೇಖನ ಬಂದು ಕೂತರೆ ಆಶ್ಚರ್ಯವಿಲ್ಲ. ವಿಭಾಗ ಮತ್ತು ಟ್ಯಾಗುಗಳನ್ನು ನೋಡಿ ಹೊಂದಿಸುವ ಪ್ಲಗಿನ್ ಆರಿಸಿದರೆ ಈ ಫಜೀತಿ ತಪ್ಪುತ್ತದೆ. ಅದಕ್ಕೆ ನಿಮ್ಮ ಕಡೆಯ ಶಿಸ್ತು ಬೇಕು. ಒಂದು ದಿನ 'ಮುಂಬಯಿ', ಮರುದಿನ 'ಮುಂಬೈ', ಹಳೆಯ ನೆನಪು ಬಂದಾಗ 'ಬೊಂಬಾಯಿ' ಎಂದು ಟ್ಯಾಗು ಕೊಟ್ಟರೆ ಒಂದೇ ಊರು ಮೂರಾಗುತ್ತದೆ. ನಮ್ಮ ಹಿರಿಯರು ಹೆಚ್ಚಾಗಿ ಬರೆದದ್ದು 'ಮುಂಬಯಿ' ಎಂದು, ಅದನ್ನೇ ಇಟ್ಟುಕೊಳ್ಳಿ ಎನ್ನುವುದು ನನ್ನ ಪಕ್ಷಪಾತದ ಸಲಹೆ.

ಹುಡುಕಾಟಕ್ಕೂ ಇದೇ ಮಾತು. ವರ್ಡ್‌ಪ್ರೆಸ್ಸಿನ ಸ್ವಂತ ಹುಡುಕಾಟ ನೀವು ಕೊಟ್ಟ ಅಕ್ಷರಗಳ ಸಾಲು ಎಲ್ಲಿದೆಯೋ ಅಲ್ಲಿ ಹಿಡಿಯುತ್ತದೆ. 'ಮುಂಬಯಿ' ಎಂದರೆ 'ಮುಂಬಯಿಯಲ್ಲಿ' ಸಿಗುತ್ತದೆ, 'ಕಡಲು' ಎಂದರೆ 'ಕಡಲಿನ' ಸಿಗುವುದಿಲ್ಲ, ಕೊನೆಯ ಸ್ವರ ಬದಲಾಯಿತಲ್ಲ. 'ಕಡಲ' ಎಂದು ಹುಡುಕಿದರೆ ಎಲ್ಲವೂ ಬರುತ್ತವೆ. ಇನ್ನೊಂದು ಸೂಕ್ಷ್ಮವಿದೆ. 'ಫೇಸ್‌ಬುಕ್' ಎಂದು ಬರೆಯುವಾಗ ಒತ್ತಕ್ಷರ ಆಗದಂತೆ ತಡೆಯಲು ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ. ಅದಿಲ್ಲದೆ ಟೈಪು ಮಾಡಿ ಹುಡುಕಿದವರಿಗೆ ನಿಮ್ಮ ಲೇಖನ ಇದ್ದೂ ಇಲ್ಲ. ನೂರಿನ್ನೂರು ಲೇಖನ ದಾಟಿದ ಬ್ಲಾಗಿಗೆ ರೆಲೆವಾನ್ಸಿಯಂಥ ಹುಡುಕಾಟದ ಪ್ಲಗಿನ್ ಹಾಕಿಕೊಳ್ಳುವುದು ಸಾರ್ಥಕ. ಅದರಲ್ಲಿ ಮುಂಬಯಿ, ಮುಂಬೈ, ಬೊಂಬಾಯಿ ಮೂರೂ ಒಂದೇ ಎಂದು ಹೇಳಿಕೊಡಬಹುದು. ಹದಿನೈದು ಲೇಖನದ ಬ್ಲಾಗಿಗೆ ಅದರ ಅಗತ್ಯವಿಲ್ಲ.

ಈಗ ವಿಳಾಸದ ವಿಚಾರ. ನನ್ನ ಪ್ರಕಾರ ಕನ್ನಡ ಬ್ಲಾಗಿಗರು ತುರ್ತಾಗಿ ತಿಳಿಯಬೇಕಾದ ಸಂಗತಿ ಇದು. ನೀವು ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟಾಗ ವರ್ಡ್‌ಪ್ರೆಸ್ ಅದರಿಂದಲೇ ಪುಟದ ವಿಳಾಸ ತಯಾರಿಸುತ್ತದೆ. ಕಂಪ್ಯೂಟರಿನೊಳಗೆ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಜಾಗ ಬೇಕು. ಅಕ್ಷರ, ಕಾಗುಣಿತದ ಗುರುತು, ಒತ್ತಿನ ವಿರಾಮ ಇವೆಲ್ಲ ಬೇರೆ ಬೇರೆ ಚಿಹ್ನೆಗಳು. ವಿಳಾಸವಾಗುವಾಗ ಒಂದೊಂದು ಬೈಟೂ ಶೇಕಡಾ ಗುರುತಿನ ಸಮೇತ ಮೂರು ಅಕ್ಷರವಾಗುತ್ತದೆ. ಅಂದರೆ ನಮ್ಮ ಒಂದು ಚಿಹ್ನೆಗೆ ಒಂಬತ್ತು. ವರ್ಡ್‌ಪ್ರೆಸ್ ವಿಳಾಸಕ್ಕೆ ಕೊಡುವ ಜಾಗ 200 ಅಕ್ಷರ ಮಾತ್ರ. 22 ಚಿಹ್ನೆಗೆ ಕೊಡ ತುಂಬಿತು. 'ಮುಂಬಯಿ ಕನ್ನಡಿಗರ ರಾತ್ರಿಶಾಲೆಯ ದಿನಗಳು' ಎಂದು ಶೀರ್ಷಿಕೆ ಕೊಟ್ಟರೆ ವಿಳಾಸದಲ್ಲಿ ಅದು 'ರಾತ್ರಿಶಾ' ಎನ್ನುವಲ್ಲಿಗೆ ಕತ್ತರಿಸಿ ನಿಲ್ಲುತ್ತದೆ. ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ 'ಪರ್ಸೆಂಟ್ ಇ ಝೀರೊ, ಪರ್ಸೆಂಟ್ ಬಿ ಟೂ' ಎಂದು ಅರ್ಧ ಪರದೆ ತುಂಬುವ ಮಂತ್ರ ಬರುತ್ತದೆ. ಇದು ವೈರಸ್ ಇರಬಹುದೆಂದು ಹೆದರಿ ಒತ್ತದೆ ಬಿಡುವ ಹಿರಿಯರಿದ್ದಾರೆ, ಅವರನ್ನು ದೂರುವಂತಿಲ್ಲ.

ಕನ್ನಡ ಶೀರ್ಷಿಕೆಯನ್ನು ತಾನಾಗಿ ರೋಮನ್ ಲಿಪಿಗೆ ತಿರುಗಿಸುವ ಪ್ಲಗಿನ್‌ಗಳಿವೆ. ಬೇಡ ಎನ್ನುತ್ತೇನೆ. ಯಂತ್ರದ ಲಿಪ್ಯಂತರ ಓದಲು ಬಾರದಂತಿರುತ್ತದೆ. ಪ್ರಕಟಿಸುವ ಮೊದಲು ವಿಳಾಸದ ಚೌಕದಲ್ಲಿ 'ರಾತ್ರಿ ಶಾಲೆ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ನೀವೇ ಎರಡು ಪದ ಬರೆದರೆ ಸಾಕು. ಶೀರ್ಷಿಕೆ ಕನ್ನಡದಲ್ಲೇ ಉಳಿಯುತ್ತದೆ. ಹಳೆಯ ಲೇಖನದ ವಿಳಾಸ ಬದಲಾಯಿಸಿದರೂ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು ಓದುಗರನ್ನು ಹೊಸದಕ್ಕೆ ಕಳಿಸುತ್ತದೆ. ಇದಕ್ಕೂ ಪ್ಲಗಿನ್ ಬೇಡ.

ಹೀಗೆ 'ಇದಕ್ಕೂ ಬೇಡ' ಎನ್ನಬಹುದಾದವು ಇನ್ನೂ ಇವೆ. ಪಟ್ಟಿಗಳು ಹಳೆಯವಾಗುತ್ತವೆ, ವರ್ಡ್‌ಪ್ರೆಸ್ ಮುಂದೆ ಹೋಗುತ್ತದೆ. ದನಿಮುದ್ರಣ ಕೇಳಿಸಲು ಒಂದು ಕಾಲದಲ್ಲಿ ಪ್ಲಗಿನ್ ಬೇಕಿತ್ತು, 2013ರ 3.6 ಆವೃತ್ತಿಯಿಂದ ಅದು ಒಳಗೇ ಇದೆ. ಚಿತ್ರಗಳನ್ನು ಓದುಗರು ಆ ಜಾಗಕ್ಕೆ ಬಂದಾಗ ಮಾತ್ರ ಇಳಿಸುವ ವ್ಯವಸ್ಥೆ, ಗೂಗಲ್ಲಿಗೆ ಪುಟಗಳ ನಕ್ಷೆ ಕೊಡುವ ವ್ಯವಸ್ಥೆ ಎರಡೂ 2020ರ ಆಗಸ್ಟಿನ 5.5 ಆವೃತ್ತಿಯಲ್ಲಿ ಬಂದವು. ಬ್ಲಾಕ್ ಥೀಮ್ ಎಂಬ ಹೊಸ ಬಗೆಯ ಪುಟವಿನ್ಯಾಸ ಇದ್ದವರಿಗೆ ಫಾಂಟು ಸೇರಿಸುವ ಸೌಲಭ್ಯ 2024ರ 6.5 ಆವೃತ್ತಿಯಿಂದ ಇದೆ. ಇವಕ್ಕೆಲ್ಲ ಇನ್ನೂ ಪ್ಲಗಿನ್ ಇಟ್ಟುಕೊಂಡವರು ಒಮ್ಮೆ ನೋಡಿಕೊಳ್ಳಬೇಕು.

ಫಾಂಟಿನ ಮಾತು ಬಂತು. ಮುಂಬಯಿಯವರು ಹೆಮ್ಮೆಪಡಬೇಕಾದ ಒಂದು ಸಂಗತಿ ಇಲ್ಲಿದೆ. 'ಬಲೂ ತಮ್ಮ' ಎಂಬ ದುಂಡು ದುಂಡಾದ ಕನ್ನಡ ಫಾಂಟು ತಯಾರಾದದ್ದು ಈ ಊರಿನ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕರ ಬಳಗದಲ್ಲಿ. ಉಚಿತವಾಗಿ ಸಿಗುತ್ತದೆ. ಶೀರ್ಷಿಕೆಗೆ ಚೆನ್ನ, ಉದ್ದ ಲೇಖನದ ಮೈಗೆ ದಪ್ಪವಾಯಿತು. ಮೈಗೆ ನೋಟೊ ಸೆರಿಫ್ ಕನ್ನಡ ಹಾಕಿಕೊಳ್ಳಬಹುದು, ಇಲ್ಲವೇ ಏನೂ ಹಾಕದೆ ಓದುಗರ ಫೋನಿನಲ್ಲಿರುವ ಫಾಂಟಿಗೇ ಬಿಡಬಹುದು. ಕನ್ನಡ ಫಾಂಟಿನಲ್ಲಿ ಒತ್ತಕ್ಷರಗಳ ಆಕಾರಗಳೆಲ್ಲ ತುಂಬಿರುವುದರಿಂದ ಕಡತ ಭಾರ, ಸಿಗ್ನಲ್ ದುರ್ಬಲವಿರುವಲ್ಲಿ ಇಳಿಯಲು ಹೊತ್ತು ತೆಗೆದುಕೊಳ್ಳುತ್ತದೆ. ಫಾಂಟಿಗಿಂತ ಮುಖ್ಯ ಸಾಲುಗಳ ನಡುವಿನ ಅಂತರ. ಇಂಗ್ಲಿಷಿಗೆ ಹೊಲಿದ ಥೀಮುಗಳಲ್ಲಿ ನಮ್ಮ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಥೀಮಿನ ಸೆಟ್ಟಿಂಗಿನಲ್ಲಿ ಸಾಲಿನ ಎತ್ತರವನ್ನು ಅಕ್ಷರದ ಎತ್ತರದ 1.7 ಅಥವಾ 1.8 ಪಟ್ಟು ಮಾಡಿ. ಅಕ್ಷರಗಳ ನಡುವೆ ಬಿಡಿ ಜಾಗ ಕೊಡುವ ಸೆಟ್ಟಿಂಗು ಇದ್ದರೆ ಸೊನ್ನೆ ಮಾಡಿ.

ಹಾಗಾದರೆ ಯಾವುದು ಬೇಕು? ಮೊದಲ ಹೆಸರು, ಯಾರು ಏನೇ ಹೇಳಲಿ, ಬ್ಯಾಕಪ್ಪಿನದು. ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದು ಕಲಿನಾ, ಕುರ್ಲಾ ಮುಳುಗಿದಾಗ ನೆಲಮಹಡಿಯ ಮನೆಗಳಲ್ಲಿ ಕಾಗದವೆಂಬುದು ಉಳಿಯಲಿಲ್ಲ. ಮರುವರ್ಷ, 2006ರ ಜುಲೈ 11ರ ರೈಲು ಸ್ಫೋಟಗಳ ಬೆನ್ನಿಗೇ, ಕೆಲವೇ ಪುಟಗಳನ್ನು ತಡೆಯಿರಿ ಎಂದು ಬಂದ ಸರ್ಕಾರಿ ಆದೇಶಕ್ಕೆ ಇಂಟರ್ನೆಟ್ ಕಂಪೆನಿಗಳು ಬ್ಲಾಗ್‌ಸ್ಪಾಟ್‌ನ ಬಾಗಿಲನ್ನೇ ಮುಚ್ಚಿದವು. ಕೆಲವು ದಿನ ದೇಶದ ಬ್ಲಾಗಿಗರಿಗೆ ತಮ್ಮ ಬರಹ ತಾವೇ ಓದಲಾಗಲಿಲ್ಲ. ಆ ಹೊತ್ತಿಗೆ ಸ್ಫೋಟದ ಗಾಯಾಳುಗಳ ಮಾಹಿತಿ ಹಂಚುತ್ತಿದ್ದ ಮುಂಬಯಿಯ ಸಹಾಯ ಬ್ಲಾಗು ಇದ್ದದ್ದೂ ಅಲ್ಲೇ. ಬರಹದ ಪ್ರತಿ ಒಂದೇ ಕಡೆ ಇರಬಾರದು.

ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಪ್ಲಗಿನ್ನಿನ ಉಚಿತ ಆವೃತ್ತಿಯೇ ವಾರಕ್ಕೊಮ್ಮೆ ಇಡೀ ಬ್ಲಾಗಿನ ನಕಲನ್ನು ನಿಮ್ಮ ಗೂಗಲ್ ಡ್ರೈವಿಗೆ ಕಳಿಸುತ್ತದೆ. ಬ್ಲಾಗು ಇರುವ ಸರ್ವರಿನಲ್ಲೇ ನಕಲನ್ನೂ ಇಡುವ ಸೆಟ್ಟಿಂಗು ಬೇಡ, ಎರಡೂ ಒಟ್ಟಿಗೇ ಹೋಗುತ್ತವೆ. ಒಮ್ಮೆಯಾದರೂ ಆ ನಕಲಿನಿಂದ ಬ್ಲಾಗನ್ನು ಮರಳಿ ನಿಲ್ಲಿಸಿ ನೋಡಿ. ಅಕ್ಷರ ಸಂಕೇತ ತಪ್ಪಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರುತ್ತದೆ. ಅದು ಆಪತ್ತಿನ ದಿನ ಗೊತ್ತಾಗುವುದಕ್ಕಿಂತ ಇವತ್ತೇ ಗೊತ್ತಾಗಲಿ.

ಎರಡನೆಯದು ವೇಗ. ನಿಮ್ಮ ಓದುಗರು ಯಾರು ಎಂದು ಯೋಚಿಸಿ. ಮುಂಬಯಿಯ ಕನ್ನಡಿಗ ಓದುವುದು ಫೋನಿನಲ್ಲಿ, ವಿರಾರ್ ಲೋಕಲ್ಲಿನ ನೂಕುನುಗ್ಗಲಿನಲ್ಲಿ, ಒಂದು ಕೈ ಮೇಲಿನ ಹಿಡಿಗೆ ಇನ್ನೊಂದು ಫೋನಿಗೆ. ಪುಟ ನಾಲ್ಕೈದು ಸೆಕೆಂಡಿನಲ್ಲಿ ಬಾರದಿದ್ದರೆ ಅವನ ಹೆಬ್ಬೆರಳು ಬೇರೆ ಕಡೆ ಹೋಗುತ್ತದೆ. ತಯಾರಾದ ಪುಟವನ್ನು ಕಾದಿಟ್ಟು ಕೊಡುವ ಕ್ಯಾಶ್ ಪ್ಲಗಿನ್ ಇಲ್ಲಿ ನೆರವಾಗುತ್ತದೆ. ಡಬ್ಲ್ಯುಪಿ ಸೂಪರ್ ಕ್ಯಾಶ್ ಸರಳವಾದದ್ದು. ಆದರೆ ಹಾಕುವ ಮೊದಲು ನಿಮ್ಮ ಬ್ಲಾಗಿಗೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪೆನಿಯವರು ಈ ಕೆಲಸವನ್ನು ತಾವೇ ಮಾಡುತ್ತಿದ್ದಾರೆಯೇ ಕೇಳಿ. ಎರಡು ಕ್ಯಾಶ್ ಒಂದರ ಮೇಲೊಂದು ಕೂತರೆ ತಿದ್ದಿದ ಲೇಖನದ ಹಳೆಯ ತಪ್ಪು ದಿನಗಟ್ಟಲೆ ಕಾಣುತ್ತಲೇ ಇರುತ್ತದೆ. ಸರ್ವರು ಎಲ್ಲಿದೆ ಎಂಬುದನ್ನೂ ಕೇಳಿ. ಭಾರತಕ್ಕೆ ಬರುವ ಸಮುದ್ರದಡಿಯ ಕೇಬಲ್‌ಗಳಲ್ಲಿ ಹಲವು ದಡ ಸೇರುವುದು ವರ್ಸೋವಾದಂಥ ಮುಂಬಯಿಯ ಕಡಲಂಚಿನಲ್ಲೇ. ಅಮೆಜಾನ್ 2016ರಲ್ಲಿಯೇ ಇಲ್ಲಿ ತನ್ನ ಸರ್ವರ್ ಕೇಂದ್ರ ತೆರೆದಿದೆ. ಹೀಗಿರುವಾಗ ಮೀರಾ ರೋಡಿನ ಓದುಗನಿಗೆ ಮುಲುಂಡಿನ ಲೇಖಕನ ಬರಹ ಅಮೆರಿಕಕ್ಕೆ ಹೋಗಿ ಏಕೆ ಬರಬೇಕು? ಒಮ್ಮೆ ಹೋಗಿ ಬರುವುದಕ್ಕೆ ಸೆಕೆಂಡಿನ ಐದನೇ ಒಂದು ಪಾಲು ಸಾಕು, ನಿಜ. ಆದರೆ ಒಂದು ಪುಟಕ್ಕಾಗಿ ಹತ್ತಾರು ಸಲ ಹೋಗಿ ಬರಬೇಕಾಗುತ್ತದೆ.

ವೇಗವನ್ನು ನಿಜವಾಗಿ ಕೊಲ್ಲುವುದು ಫೋಟೋಗಳು. ನಮ್ಮ ಸಂಘ ಸಂಸ್ಥೆಗಳ ಸನ್ಮಾನ ಸಮಾರಂಭ ಮುಗಿದ ಮೇಲೆ ಶಾಲು, ಹಾರ, ಸ್ಮರಣಿಕೆ, ಗುಂಪು ಫೋಟೋ ಎಂದು ಇಪ್ಪತ್ತು ಚಿತ್ರಗಳು ಫೋನಿನಿಂದ ನೇರ ಬ್ಲಾಗಿಗೆ ಏರುತ್ತವೆ. ಎರಡು ಚಿತ್ರ ಸಾಕು. ಚಿತ್ರ ಕುಗ್ಗಿಸುವ ಪ್ಲಗಿನ್ ಬೇಕಿದ್ದರೆ ಹಾಕಿ, ಆದರೆ ಮೊದಲು ಆರಿಸಿ. ಇನ್ನೊಂದು ಚಾಳಿ ಇದೆ. ಪತ್ರಿಕೆಯಲ್ಲಿ ಬಂದ ಲೇಖನದ ತುಣುಕನ್ನು ಫೋಟೋ ತೆಗೆದು ಹಾಕಿ 'ಬ್ಲಾಗು ಬರೆದೆ' ಎನ್ನುವುದು. ಆ ಫೋಟೋದೊಳಗಿನ ಒಂದಕ್ಷರವೂ ಹುಡುಕಿದವರಿಗೆ ಸಿಗದು, ಕಣ್ಣು ಮಂಜಾದವರಿಗೆ ಫೋನು ಅದನ್ನು ಓದಿ ಹೇಳದು. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಲ್ಲಿ ಟೈಪು ಮಾಡಿದ ಹಳೆಯ ಕಡತಗಳಿದ್ದರೆ ಯುನಿಕೋಡಿಗೆ ಪರಿವರ್ತಿಸಿ ಹಾಕಿ, ಅದಕ್ಕೆ ಉಚಿತ ಪರಿವರ್ತಕಗಳಿವೆ. ಕಡತ ಇಲ್ಲದಿದ್ದರೆ ಟೈಪು ಮಾಡಿ. ಇಲ್ಲಿ ಯಾವ ಪ್ಲಗಿನ್ನೂ ಕೈ ಹಿಡಿಯುವುದಿಲ್ಲ.

ಮೂರನೆಯದು ಎಸ್‌ಇಒ ಎಂದು ಕರೆಯುವ, ಗೂಗಲ್ ಹುಡುಕಾಟದಲ್ಲಿ ಬ್ಲಾಗನ್ನು ಮೇಲೆ ತರಲೆಂದು ಇರುವ ಪ್ಲಗಿನ್. ಯೋಸ್ಟ್ ಅದರಲ್ಲಿ ಪ್ರಸಿದ್ಧ. ನಿಮ್ಮ ವಾಕ್ಯ ಉದ್ದವಾಯಿತು, ಮುಖ್ಯ ಪದ ಸಾಕಷ್ಟು ಸಲ ಬರಲಿಲ್ಲ ಎಂದು ಕೆಂಪು ದೀಪ ತೋರಿಸುತ್ತದೆ. ಕನ್ನಡದ ವಿಭಕ್ತಿ ಅದಕ್ಕೆ ತಿಳಿಯದು, ಹಾಗಾಗಿ ಆ ದೀಪಗಳನ್ನು ಕಡೆಗಣಿಸಿ. ಅದನ್ನು ಇಟ್ಟುಕೊಳ್ಳಬೇಕಾದದ್ದು ಬೇರೆ ಕಾರಣಕ್ಕೆ. ನಿಮ್ಮ ಲಿಂಕನ್ನು ವಾಟ್ಸ್ಆ್ಯಪ್ಪಿನಲ್ಲಿ ಹಾಕಿದಾಗ ಒಂದು ಚಿತ್ರ, ಶೀರ್ಷಿಕೆ, ಎರಡು ಸಾಲಿನ ಪರಿಚಯ ಚೊಕ್ಕವಾಗಿ ಕಾಣುವಂತೆ ಅದು ಮಾಡುತ್ತದೆ. ಮುಂಬಯಿ ಕನ್ನಡ ಬ್ಲಾಗುಗಳಿಗೆ ಓದುಗರು ಬರುವುದೇ ವಾಟ್ಸ್ಆ್ಯಪ್ ಗುಂಪುಗಳಿಂದ. ಹಾಗಾಗಿ ಆ ಪರಿಚಯದ ಎರಡು ಸಾಲನ್ನು ಯಂತ್ರಕ್ಕೆ ಬಿಡದೆ ನೀವೇ ಬರೆಯಿರಿ.

ಪ್ರತಿಕ್ರಿಯೆಗೆ ಅವಕಾಶ ಕೊಟ್ಟವರಿಗೆ ಜಾಹೀರಾತಿನ ಕಸ ತಡೆಯಲು ಅಕಿಸ್ಮೆಟ್ ಬೇಕಾಗುತ್ತದೆ. ಅವಕಾಶ ಕೊಡದವರಿಗೆ ಬೇಡ. ಭೇಟಿಯ ಲೆಕ್ಕ ತೋರಿಸುವ ಪ್ಲಗಿನ್ ವಿಷಯ ನಿಮಗೇ ಬಿಟ್ಟದ್ದು. ಬೆಳಗ್ಗೆ ಎದ್ದು ಅದನ್ನೇ ನೋಡುತ್ತ ಬರೆಯುವುದನ್ನು ಮರೆತವರನ್ನು ಬಲ್ಲೆ.

ಇನ್ನು ಎಚ್ಚರಿಕೆಯ ಮಾತು. ನಮ್ಮ ಊರಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಮಾಡಿಸುತ್ತಾರೆ, ಪೊಲೀಸ್ ಠಾಣೆಗೆ ಬಾಡಿಗೆದಾರನ ವಿವರ ಕೊಡುತ್ತಾರೆ, ಹನ್ನೊಂದು ತಿಂಗಳಾದ ಮೇಲೆ ಮತ್ತೆ ಯೋಚಿಸುತ್ತಾರೆ. ಪ್ಲಗಿನ್ ಕೂಡ ಬಾಡಿಗೆದಾರನೇ. ವ್ಯತ್ಯಾಸವೆಂದರೆ ವರ್ಡ್‌ಪ್ರೆಸ್ಸಿನಲ್ಲಿ ಅವನಿಗೆ ಒಂದು ಕೋಣೆ ಕೊಟ್ಟು ಉಳಿದದ್ದಕ್ಕೆ ಬೀಗ ಹಾಕಲು ಬರುವುದಿಲ್ಲ. ಒಳಗೆ ಬಂದವನಿಗೆ ಇಡೀ ಮನೆ ತೆರೆದೇ ಇರುತ್ತದೆ. 2017ರಲ್ಲಿ ಡಿಸ್‌ಪ್ಲೇ ವಿಜೆಟ್ಸ್ ಎಂಬ ಪ್ಲಗಿನ್ನನ್ನು ಬರೆದಾತ ಅದನ್ನು ಬೇರೆಯವರಿಗೆ ಮಾರಿದ. ಕೊಂಡವರು ಅದರೊಳಗೆ ಗುಪ್ತ ಬಾಗಿಲು ಇಟ್ಟು ಸುಮಾರು 2 ಲಕ್ಷ ತಾಣಗಳಲ್ಲಿ ಕಳ್ಳ ಜಾಹೀರಾತು ತೂರಿಸುವ ದಾರಿ ಮಾಡಿಕೊಂಡರು. ತಾಣದ ಒಡೆಯ ಲಾಗಿನ್ ಆಗಿದ್ದಾಗ ಅದು ಕಾಣಿಸುತ್ತಿರಲಿಲ್ಲ, ಹೊರಗಿನವರಿಗೆ ಮಾತ್ರ ಕಾಣಿಸುತ್ತಿತ್ತು. ವರ್ಡ್‌ಪ್ರೆಸ್ಸಿನವರು ಕೊನೆಗೆ ಅದನ್ನು ಭಂಡಾರದಿಂದ ತೆಗೆದರು. 2020ರ ಸೆಪ್ಟೆಂಬರಿನಲ್ಲಿ ಡಬ್ಲ್ಯುಪಿ ಫೈಲ್ ಮ್ಯಾನೇಜರ್ ಎಂಬುದರ ದೋಷ ಹಿಡಿದು ದಾಳಿಕೋರರು ಒಳನುಗ್ಗಿದಾಗ ಅದು 7 ಲಕ್ಷ ತಾಣಗಳಲ್ಲಿತ್ತು. ಹೆಚ್ಚು ಜನ ಬಳಸುತ್ತಾರೆ ಎಂಬುದೊಂದೇ ಖಾತರಿಯಲ್ಲ ಎಂದು ಇದರಿಂದ ತಿಳಿಯುತ್ತದೆ.

ಆದ್ದರಿಂದ ಪ್ಲಗಿನ್ನಿನ ಪುಟ ತೆರೆದಾಗ ನಕ್ಷತ್ರಗಳನ್ನು ಎಣಿಸುವುದಕ್ಕಿಂತ, ಕೊನೆಯ ಸಲ ಅದನ್ನು ನವೀಕರಿಸಿದ್ದು ಯಾವಾಗ, ಈಗಿನ ವರ್ಡ್‌ಪ್ರೆಸ್ ಜೊತೆ ಪರೀಕ್ಷಿಸಿದ್ದಾರೆಯೇ, ಕಷ್ಟ ಹೇಳಿಕೊಂಡವರಿಗೆ ಬರೆದಾತ ಉತ್ತರ ಕೊಡುತ್ತಿದ್ದಾನೆಯೇ ಎಂದು ನೋಡಿ. ವರ್ಷಗಟ್ಟಲೆ ಯಾರೂ ಮುಟ್ಟದ್ದು ಬೇಡ. ದುಡ್ಡಿನ ಪ್ಲಗಿನ್ನಿನ ಕಳ್ಳ ಪ್ರತಿ ಪುಕ್ಕಟೆ ಸಿಗುತ್ತದೆಂದು ಯಾರಾದರೂ ಹೇಳಿದರೆ ದೂರವಿರಿ. ಲ್ಯಾಮಿಂಗ್ಟನ್ ರಸ್ತೆಯ ಬದಿಯಲ್ಲಿ ಸಿ.ಡಿ.ಯಲ್ಲಿ ನಕಲು ತಂತ್ರಾಂಶ ಕೊಂಡ ಕಾಲದವರಿಗೆ ಆ ರುಚಿ ಇನ್ನೂ ಹೋಗಿಲ್ಲ. ಈಗಿನ ಕಳ್ಳ ಪ್ರತಿಗಳಲ್ಲಿ ಗುಪ್ತ ಬಾಗಿಲು ಇಟ್ಟೇ ಹಂಚುವುದು ವಾಡಿಕೆ. ಬಳಸದ ಪ್ಲಗಿನ್ನನ್ನು ನಿಷ್ಕ್ರಿಯ ಮಾಡಿ ಬಿಟ್ಟರೆ ಸಾಲದು, ಅಳಿಸಬೇಕು. ಕಡತ ಸರ್ವರಿನಲ್ಲಿ ಉಳಿದಿದ್ದರೆ ದೋಷವೂ ಉಳಿದಂತೆ.

ತೆಗೆದಾಗ ಏನಾಗುತ್ತದೆ ಎಂಬುದನ್ನು ಹಾಕುವ ದಿನವೇ ನೋಡಬೇಕು. ಪುಟ ಸಿಂಗರಿಸುವ ಕೆಲವು ಪ್ಲಗಿನ್‌ಗಳು ನಿಮ್ಮ ಲೇಖನದ ನಡುವೆ ಚೌಕ ಕಂಸದಲ್ಲಿ ತಮ್ಮ ಸಂಕೇತಗಳನ್ನು ತುಂಬುತ್ತವೆ. ಅವು ಇರುವ ತನಕ ಚಂದ. ಎರಡು ವರ್ಷದ ಮೇಲೆ ಬೇಡವೆಂದು ತೆಗೆದರೆ ಪ್ರತಿ ಲೇಖನದಲ್ಲೂ ಆ ಸಂಕೇತಗಳೇ ಎದ್ದು ಕಾಣುತ್ತವೆ, ಕೈಯಿಂದ ಹೆಕ್ಕಬೇಕು. ಒಂದು ಪರೀಕ್ಷಾ ಲೇಖನ ಇಟ್ಟುಕೊಳ್ಳಿ. ಉದ್ದ ಶೀರ್ಷಿಕೆ, ಒತ್ತಕ್ಷರ ತುಂಬಿದ ಒಂದು ಪ್ಯಾರಾ, ಒಂದು ಚಿತ್ರ ಅದರಲ್ಲಿರಲಿ. ಹೊಸ ಪ್ಲಗಿನ್ ಹಾಕಿ ಅದನ್ನು ಫೋನಿನಲ್ಲಿ ನೋಡಿ, ತೆಗೆದು ಮತ್ತೊಮ್ಮೆ ನೋಡಿ. ಎರಡೂ ಸಲ ಲೇಖನ ಸರಿಯಾಗಿದ್ದರೆ ಆ ಪ್ಲಗಿನ್ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ನನ್ನ ತೀರ್ಮಾನ ಕೇಳಿದರೆ, ಒಬ್ಬರೇ ಬರೆಯುವ ಕನ್ನಡ ಬ್ಲಾಗಿಗೆ ಬ್ಯಾಕಪ್ಪಿನದು ಖಂಡಿತ ಬೇಕು, ಲಿಂಕಿನ ಪರಿಚಯ ಚೊಕ್ಕ ಮಾಡುವುದು ಬೇಕು, ವೇಗದ್ದು ಹೋಸ್ಟಿಂಗಿನವರನ್ನು ಕೇಳಿ, ಹುಡುಕಾಟದ್ದು ಬ್ಲಾಗು ಬೆಳೆದ ಮೇಲೆ. ಐದಾರು ಮೀರಿದರೆ ಏನನ್ನು ತೆಗೆಯಬೇಕು ಎಂದು ಯೋಚಿಸಿ.

ಕೊನೆಯಲ್ಲಿ ಒಂದು ಕೋರಿಕೆ. ಒಳ್ಳೆಯ ಪ್ಲಗಿನ್‌ಗಳಲ್ಲೂ ನಮ್ಮ ಕಣ್ಣಿಗೆ ಚುಚ್ಚುವುದು ಒಂದಿದೆ. ಕನ್ನಡ ಲೇಖನದ ಕೆಳಗೆ 'ಶೇರ್ ದಿಸ್', 'ರೀಡ್ ಮೋರ್' ಎಂದು ಇಂಗ್ಲಿಷಿನಲ್ಲಿ ಬಂದು ಕೂರುತ್ತದೆ. ಈ ಮಾತುಗಳನ್ನು ಕನ್ನಡ ಮಾಡುವವರು ಯಾವುದೋ ಕಂಪೆನಿಯ ನೌಕರರಲ್ಲ, ನಮ್ಮ ನಿಮ್ಮಂಥ ಸ್ವಯಂಸೇವಕರು. ಟ್ರಾನ್ಸ್‌ಲೇಟ್ ಡಾಟ್ ವರ್ಡ್‌ಪ್ರೆಸ್ ಡಾಟ್ ಆರ್ಗ್ ಎಂಬ ತಾಣದಲ್ಲಿ ಒಂದು ಖಾತೆ ತೆರೆದರೆ ಯಾರು ಬೇಕಾದರೂ ಪ್ಲಗಿನ್ನಿನ ಒಂದೊಂದು ಸಾಲಿಗೆ ಕನ್ನಡ ಸೂಚಿಸಬಹುದು. ಭಾಷೆಯ ಉಸ್ತುವಾರಿ ಹೊತ್ತವರು ನೋಡಿ ಒಪ್ಪುತ್ತಾರೆ. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಸಣ್ಣ ಪ್ಲಗಿನ್ನಿನಲ್ಲಿ ನೂರಿನ್ನೂರು ಸಾಲು ಇರುತ್ತವೆ, ಹೆಚ್ಚಿನವು ಎರಡು ಮೂರು ಪದದವು. ಮುಂಬಯಿಯಲ್ಲಿ ವರ್ಡ್‌ಪ್ರೆಸ್ ಬಳಕೆದಾರರ ಸಮಾವೇಶಗಳು 2014ರಿಂದ ನಡೆದಿವೆ, 2026ರ ಏಷ್ಯಾ ಮಟ್ಟದ ಸಮಾವೇಶಕ್ಕೂ ಆರಿಸಿದ್ದು ಇದೇ ಊರನ್ನು. ತಾಂತ್ರಿಕ ನೆರವು ಬೇಕಿದ್ದರೆ ಕೇಳಲು ಇಲ್ಲಿ ಜನ ಇದ್ದಾರೆ. ನೀವು ಬ್ಲಾಗಿನಲ್ಲಿ ಬಳಸುವ ಒಂದು ಪ್ಲಗಿನ್ ಆರಿಸಿಕೊಂಡು ದಿನಕ್ಕೆ ಹತ್ತು ಸಾಲು ಕನ್ನಡ ಮಾಡಿ. ತಿಂಗಳೊಳಗೆ ಮುಗಿಯುತ್ತದೆ, ಆಮೇಲೆ ಅದು ಎಲ್ಲ ಕನ್ನಡ ಬ್ಲಾಗುಗಳಿಗೂ ಸಿಗುತ್ತದೆ.